ಬೆತ್ತಲೆ ಹೊಲಕ್ಕೆ ಯಾವ ಹೊದಿಕೆ?

ಒಂದು ಎಕರೆ ಹೊಲದ ಮೇಲಿನಿಂದ ಒಂದೇ ಒಂದು ಮಿಲಿಮೀಟರ್ ದಪ್ಪದ ಮಣ್ಣು ಕೊಚ್ಚಿಹೋದರೆ ಎಷ್ಟಾಗುತ್ತದೆ? ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಲೆಕ್ಕ ಹಾಕಿದರೆ ನಾಲ್ಕು ಘನ ಮೀಟರ್ ಮಣ್ಣು, ತೂಕದಲ್ಲಿ ಐದು ಟನ್‌ಗೂ ಹೆಚ್ಚು. ಒಂದು ಟ್ರ್ಯಾಕ್ಟರ್ ಟ್ರೈಲರ್ ತುಂಬಿ ಇನ್ನೂ ಉಳಿಯುವಷ್ಟು. ರಾತ್ರೋರಾತ್ರಿ ಯಾರಾದರೂ ನಮ್ಮ ಹೊಲದಿಂದ ಒಂದು ಲೋಡ್ ಮಣ್ಣು ಹೊಡೆದುಕೊಂಡು ಹೋದರೆ ಊರಲ್ಲಿ ಪಂಚಾಯಿತಿಯೇ ನಡೆಯುತ್ತದೆ. ಮಳೆ ಅದೇ ಕೆಲಸ ಮಾಡಿದರೆ ಯಾರೂ ಕೇಳುವುದಿಲ್ಲ. ಕಾರಣ ಇಷ್ಟೇ: ಒಂದು ಮಿಲಿಮೀಟರ್ ಅಂದರೆ ಎಟಿಎಂ ಕಾರ್ಡಿಗಿಂತ ತುಸು ದಪ್ಪ. ಹೋದದ್ದು ಕಣ್ಣಿಗೆ ಕಾಣುವುದೇ ಇಲ್ಲ.

ನಮ್ಮ ದೇಶದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್‌ಗೂ ಹೆಚ್ಚು ಮಣ್ಣು ಜಾಗ ಬಿಡುತ್ತದೆ ಎಂದು ವಿಜ್ಞಾನಿಗಳು 1983ರಲ್ಲೇ ಅಂದಾಜು ಮಾಡಿದ್ದರು. ಹೆಚ್ಚುಕಡಿಮೆ ಅದೇ ಒಂದು ಮಿಲಿಮೀಟರ್. ಹೀಗೆ ಹೋಗುವುದು ಸತ್ವವಿರುವ ಮೇಲ್ಮಣ್ಣು. ಅದು ಪುನಃ ಅಷ್ಟು ದಪ್ಪಕ್ಕೆ ಕಟ್ಟಿಕೊಳ್ಳಲು ಎಷ್ಟೋ ವರ್ಷಗಳು ಬೇಕು.

ನಾನು ಸಿವಿಲ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್ ವಿದ್ಯಾರ್ಥಿನಿ. ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಇಳಿಜಾರಿನಲ್ಲಿ ಎರಡು ಎಕರೆ ಕೆಂಪು ಮಣ್ಣಿನ ರಾಗಿ ಹೊಲವಿದೆ. ನನ್ನ ಫೀಸಿನ ಒಂದು ಪಾಲು ಬಂದಿದ್ದು ಆ ಹೊಲದಿಂದ. ಈಗ ಅದರ ಮೇಲ್ಭಾಗದಲ್ಲಿ ಕಲ್ಲು ತೇಲುತ್ತಿದೆ, ರಾಗಿ ಮೊಣಕಾಲೆತ್ತರಕ್ಕೆ ನಿಂತುಬಿಡುತ್ತದೆ. ‘ಮಾರಿಬಿಡೋಣ’ ಎಂಬ ಮಾತು ಮನೆಯಲ್ಲಿ ಎರಡು ಸಲ ಬಂದು ಹೋಗಿದೆ. ಹಾಗಾಗಿ ಈ ವಿಷಯ ನನಗೆ ಪರೀಕ್ಷೆಗೆ ಓದುವ ಚಾಪ್ಟರ್ ಮಾತ್ರ ಅಲ್ಲ.

ಆರು ಅಕ್ಷರಗಳಲ್ಲಿ ಒಂದು ನಮ್ಮ ಕೈಯಲ್ಲಿದೆ

ಮಣ್ಣಿನ ಸವಕಳಿ ಲೆಕ್ಕ ಹಾಕಲು ಅಮೆರಿಕದ ವಿಶ್‌ಮಯರ್ ಮತ್ತು ಸ್ಮಿತ್ ರೂಪಿಸಿದ ಸಮೀಕರಣವನ್ನು ನಮ್ಮಲ್ಲಿ ಬಹಳಷ್ಟು ಜನ ಓದಿರುತ್ತೀರಿ. ಎ = ಆರ್ × ಕೆ × ಎಲ್ × ಎಸ್ × ಸಿ × ಪಿ. ‘ಆರ್’ ಮಳೆಯ ಹೊಡೆತ. ‘ಕೆ’ ಮಣ್ಣಿನ ಸ್ವಭಾವ. ‘ಎಲ್’ ಇಳಿಜಾರಿನ ಉದ್ದ, ‘ಎಸ್’ ಅದರ ಕಡಿದು. ‘ಸಿ’ ಬೆಳೆಯ ಹೊದಿಕೆ. ‘ಪಿ’ ಬದು, ಅಡ್ಡ ಉಳುಮೆಯಂಥ ಸಂರಕ್ಷಣಾ ಕ್ರಮಗಳು.

ರೈತನ ಕಡೆಯಿಂದ ಇದನ್ನು ಓದಿ ನೋಡಿ. ಮಳೆಯನ್ನು ಬದಲಿಸಲಾಗದು. ಮಣ್ಣಿನ ಸ್ವಭಾವ ಬದಲಾಗಲು ವರ್ಷಗಳು ಬೇಕು. ಇಳಿಜಾರು ತಗ್ಗಿಸಲು, ಬದು ಹಾಕಿಸಲು ಜೆಸಿಬಿ ಬೇಕು, ಗಂಟೆ ಲೆಕ್ಕದಲ್ಲಿ ದುಡ್ಡು ಬೇಕು. ಕೆಲವು ಕಿಲೋ ಬೀಜದಿಂದ, ಒಂದೇ ಹಂಗಾಮಿನಲ್ಲಿ ಇಳಿಸಬಹುದಾದದ್ದು ‘ಸಿ’ ಒಂದೇ. ಉತ್ತು ಬರಿದಾಗಿ ಬಿಟ್ಟ ಹೊಲಕ್ಕೆ ‘ಸಿ’ ಬೆಲೆ 1. ದಟ್ಟ ಕಾಡಿಗೆ 0.01ಕ್ಕಿಂತಲೂ ಕಡಿಮೆ. ಎಲ್ಲವೂ ಗುಣಾಕಾರವಾದ್ದರಿಂದ ‘ಸಿ’ ಅರ್ಧವಾದರೆ ಮಣ್ಣಿನ ನಷ್ಟವೂ ಅರ್ಧ.

ಹೊದಿಕೆಗೆ ಇಷ್ಟು ಶಕ್ತಿ ಹೇಗೆ ಬಂತು? ದಪ್ಪ ಮಳೆಹನಿ ನೆಲ ಮುಟ್ಟುವಾಗ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿರುತ್ತದೆ. ಬರಿ ನೆಲದ ಮೇಲೆ ಬಿದ್ದರೆ ಹೆಂಟೆಯನ್ನು ಒಡೆದು ಪುಡಿ ಮಾಡುತ್ತದೆ. ಆ ನುಣುಪು ಪುಡಿ ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚಿ ಮೇಲೊಂದು ಹೆಪ್ಪು ಕಟ್ಟುತ್ತದೆ. ಆಮೇಲೆ ಬಿದ್ದ ನೀರು ಇಂಗದೆ ಹರಿಯುತ್ತದೆ, ಹರಿಯುವಾಗ ಪುಡಿಯನ್ನೂ ಒಯ್ಯುತ್ತದೆ. ಎಲೆಯೋ ಒಣ ತರಗೋ ಆ ಹನಿಯ ಪೆಟ್ಟನ್ನು ತಾನು ತಿಂದರೆ ಈ ಸರಪಳಿ ಮೊದಲ ಕೊಂಡಿಯಲ್ಲೇ ಕಡಿಯುತ್ತದೆ. ನೆಲದ ನೂರಕ್ಕೆ ಮೂವತ್ತು ಭಾಗ ಮುಚ್ಚಿದ್ದರೂ ಸವಕಳಿ ಅರ್ಧದಷ್ಟು ತಗ್ಗುತ್ತದೆ ಎನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಮಾತು.

ಮೊದಲ ಪ್ರಶ್ನೆ: ಹೊಲ ಬೆತ್ತಲೆ ಇರುವುದು ಯಾವಾಗ?

ಹೊದಿಕೆ ಬೆಳೆ ಯಾವುದು ಒಳ್ಳೆಯದು ಎಂದು ಕೇಳುವವರು ಬೀಜದ ಹೆಸರಿನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಕ್ಯಾಲೆಂಡರಿನಿಂದ. ಮಳೆ ಜೋರಾಗಿರುವ ಯಾವ ತಿಂಗಳಲ್ಲಿ ನಿಮ್ಮ ನೆಲದ ಮೇಲೆ ಏನೂ ಇರುವುದಿಲ್ಲ? ಉತ್ತರ ಊರಿಂದೂರಿಗೆ ಬೇರೆ.

ನಮ್ಮ ತುಮಕೂರು ಕಡೆ ಮಳೆಗೆ ಎರಡು ಏರುಗಳಿವೆ. ಒಂದು ಮೇ ತಿಂಗಳ ಆಸುಪಾಸು, ಇನ್ನೊಂದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಎರಡನೆಯದಕ್ಕೆ ಹೊಲದಲ್ಲಿ ರಾಗಿ ನಿಂತಿರುತ್ತದೆ. ಮೊದಲನೆಯದು ಬೀಳುವುದು ಉತ್ತು ಬಿಟ್ಟ ಬರಿ ನೆಲದ ಮೇಲೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಹಿರಿಯರು ಹೇಳುವ ಆ ಮಳೆಗೆ ನಮ್ಮ ಹೊಲದಲ್ಲಿ ಬೆಳೆಯೇ ಇರುವುದಿಲ್ಲ. ರಾಗಿ ಬಿತ್ತನೆ ಜುಲೈಗೆ. ಅಂದರೆ ಏಪ್ರಿಲ್ ಮಧ್ಯದಿಂದ ಜೂನ್ ಕೊನೆಯವರೆಗೆ ಸುಮಾರು 75 ದಿನ ಖಾಲಿ. ನಮಗೆ ಬೇಕಾದ್ದು ಈ ಕಿಟಕಿಯೊಳಗೆ ಬೆಳೆದು ಮುಗಿಯುವ ಬೆಳೆ.

ವಿಜಯಪುರ, ಬಾಗಲಕೋಟೆಯ ಎರೆ ಭೂಮಿಯಲ್ಲಿ ಕಥೆ ತಿರುಗಾಮುರುಗಾ. ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಅದಕ್ಕಾಗಿ ಎಷ್ಟೋ ಹೊಲಗಳನ್ನು ಮುಂಗಾರು ಪೂರ್ತಿ ಖಾಲಿ ಬಿಡುತ್ತಾರೆ. ಅಲ್ಲಿ ಜೂನ್‌ನಲ್ಲಿ ಬಿತ್ತಿ 65–70 ದಿನದಲ್ಲಿ ಕೀಳುವ ಹೆಸರು, ಅಥವಾ ಮಣ್ಣಿಗೇ ಸೇರಿಸುವ ಸೆಣಬು ಹೊಂದುತ್ತದೆ.

ಕರಾವಳಿಯ ಇಳಿಜಾರು ತೋಟಗಳಿಗೆ ಎರಡು ತಿಂಗಳ ಬೆಳೆ ಸಾಲದು. ಅಲ್ಲಿ ಮಳೆ ತಿಂಗಳುಗಟ್ಟಲೆ ಹೊಯ್ಯುತ್ತದೆ. ಎಳೆಯ ರಬ್ಬರ್ ತೋಟಗಳಲ್ಲಿ ಪ್ಯುರೇರಿಯಾ, ಮುಕುನಾದಂಥ ಬಳ್ಳಿ ದ್ವಿದಳಗಳನ್ನು ಹಬ್ಬಿಸುವುದು ಅದಕ್ಕೇ. ಅವು ವರ್ಷಗಟ್ಟಲೆ ನೆಲ ಬಿಡುವುದಿಲ್ಲ. ಆದರೆ ಗಿಡಕ್ಕೇ ಸುತ್ತಿಕೊಳ್ಳುತ್ತವೆ, ಬುಡದ ಸುತ್ತ ಆಗಾಗ ಸವರುತ್ತಿರಬೇಕು.

ಎರಡನೇ ಪ್ರಶ್ನೆ: ಆ ಬೆಳೆಯಿಂದ ಏನಾಗಬೇಕು?

ಒಂದೇ ಬೆಳೆ ಎಲ್ಲ ಕೆಲಸ ಮಾಡುವುದಿಲ್ಲ. ಸೆಣಬು ಬೇಗ ಎತ್ತರಕ್ಕೆ ಹೋಗುತ್ತದೆ, 45–50 ದಿನಕ್ಕೆ ರಾಶಿ ಸೊಪ್ಪು ಕೊಡುತ್ತದೆ, ಕಳೆಯನ್ನು ಮೇಲೇಳಲು ಬಿಡುವುದಿಲ್ಲ. ಆದರೆ ನೀರು ನಿಂತರೆ ತಡೆಯದು. ನೀರು ನಿಲ್ಲುವ ತಗ್ಗಿಗೆ, ಚೌಳಿನ ಅಂಶವಿರುವ ಗದ್ದೆಗೆ ಡಯಾಂಚ ಸರಿ. ಅಲಸಂದೆ ನೆಲಕ್ಕೆ ಹತ್ತಿರ ಹರಡುತ್ತದೆ, ಹನಿಯ ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ, ಜೊತೆಗೆ ಸಾರಿಗೆ ಕಾಯಿಯೂ ಸಿಗುತ್ತದೆ. ಹುರುಳಿಗೆ ನೀರು ಬಹಳ ಬೇಡ, ಮಣ್ಣು ತೆಳುವಿದ್ದರೂ ಸೈ. ಮುಂಗಾರು ಬೆಳೆ ಬೇಗ ಕಟಾವಾಗುವ ಕಡೆ, ಆಮೇಲೆ ಬರುವ ಹಿಂಗಾರು ಮಳೆಗೆ ಅದು ಒಳ್ಳೆಯ ಆಯ್ಕೆ. ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆ ಕ್ರಿಡಾದಲ್ಲಿ ಹೀಗೆ ಹುರುಳಿ ಬೆಳೆದು ಮಣ್ಣಿಗೆ ಸೇರಿಸುವ ಪ್ರಯೋಗವನ್ನು ಹತ್ತು ವರ್ಷ ನಡೆಸಿದ್ದರು. ಮಣ್ಣಿನ ಸಾವಯವ ಇಂಗಾಲವೂ ಹೆಚ್ಚಿತು, ಮುಂದಿನ ಬೆಳೆಯ ಇಳುವರಿಯೂ ಹೆಚ್ಚಿತು.

ಇವೆಲ್ಲ ದ್ವಿದಳ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಸೊಪ್ಪು ಬೇಗ ಕೊಳೆತು ಆ ಸಾರಜನಕ ರಾಗಿಗೆ ಸಿಗುತ್ತದೆ. ಸಜ್ಜೆ, ಮೇವಿನ ಜೋಳದಂಥ ಹುಲ್ಲಿನ ಜಾತಿಗಳ ಕಡ್ಡಿ ನಿಧಾನ ಕೊಳೆಯುತ್ತದೆ. ನೆಲವನ್ನು ಹೆಚ್ಚು ದಿನ ಮುಚ್ಚಿಡುತ್ತದೆ, ಆದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಸ್ವಲ್ಪ ಕಾಲ ಹಿಡಿದಿಟ್ಟುಕೊಳ್ಳುತ್ತದೆ. ಎರಡೂ ಬೇಕೆನ್ನುವವರು ಬೆರೆಸಿ ಬಿತ್ತುತ್ತಾರೆ. ರಾಗಿಯ ನಡುವೆ ಅವರೆ, ತೊಗರಿ ಇಡುತ್ತಿದ್ದ ನಮ್ಮ ಅಕ್ಕಡಿ ಸಾಲಿನಲ್ಲೂ ಇದೇ ಲೆಕ್ಕವಿದೆ. ರಾಗಿ ಕೊಯ್ದ ಮೇಲೂ ಹೊಲದಲ್ಲಿ ಏನಾದರೊಂದು ಹಸಿರು ನಿಂತಿರುತ್ತಿತ್ತು.

ನಮ್ಮ ಹೊಲದಲ್ಲಿ ನಡೆದದ್ದು

ಕಳೆದ ಬೇಸಿಗೆಯಲ್ಲಿ ಈ ಲೆಕ್ಕವನ್ನೆಲ್ಲ ಅಪ್ಪನ ಮುಂದಿಟ್ಟೆ. ‘ತಿನ್ನೋಕಾಗದ ಬೆಳೆಗೆ ಯಾಕಮ್ಮ ಬೀಜದ ದುಡ್ಡು?’ ಎಂದರು. ಅವರದು ಮೊಂಡುವಾದವಲ್ಲ. ಬೀಜ, ಉಳುಮೆ, ಮತ್ತೆ ಅದನ್ನು ಮಣ್ಣಿಗೆ ಸೇರಿಸಲು ಇನ್ನೊಂದು ಉಳುಮೆ, ಎಲ್ಲಕ್ಕೂ ಖರ್ಚಿದೆ. ಕೊನೆಗೆ ಒಂದು ರಾಜಿಗೆ ಬಂದೆವು. ಇಳಿಜಾರು ಹೆಚ್ಚಿರುವ ಮೇಲಿನ ಅರ್ಧಕ್ಕೆ ಸೆಣಬು, ಕೆಳಗಿನ ಅರ್ಧಕ್ಕೆ ಅಲಸಂದೆ. ಪಕ್ಕದಲ್ಲಿ ಒಂದು ಪಟ್ಟಿ ಎಂದಿನಂತೆ ಖಾಲಿ.

ಭರಣಿ ಮಳೆಯ ಹದಕ್ಕೆ ಬಿತ್ತಿದೆವು. ಮೇ ಕೊನೆಯಲ್ಲಿ ಒಂದು ಸಂಜೆ ಜೋರು ಮಳೆ ಬಂದಾಗ ಮೂರೂ ಕಡೆಯಿಂದ ಹೊರಬರುತ್ತಿದ್ದ ನೀರನ್ನು ಮೂರು ಬಾಟಲಿಗಳಲ್ಲಿ ಹಿಡಿದು ರಾತ್ರಿ ಜಗಲಿಯ ಮೇಲಿಟ್ಟೆ. ಬೆಳಿಗ್ಗೆ ಖಾಲಿ ಪಟ್ಟಿಯ ಬಾಟಲಿಯ ತಳದಲ್ಲಿ ಎರಡು ಬೆರಳು ಹೂಳು ಕೂತಿತ್ತು. ಅಲಸಂದೆಯದರಲ್ಲಿ ತೆಳುವಾದ ಒಂದು ಪದರ. ಸೆಣಬಿನದು ಇವೆರಡರ ನಡುವೆ. ಅದು ಎತ್ತರ ಬೆಳೆದಿದ್ದರೂ ಬಿತ್ತನೆ ಅಲ್ಲಲ್ಲಿ ತೆಳುವಾಗಿದ್ದರಿಂದ ಬುಡದಲ್ಲಿ ನೆಲ ಕಾಣುತ್ತಿತ್ತು, ಇಳಿಜಾರೂ ಅಲ್ಲಿ ಹೆಚ್ಚು. ಒಂದು ಹೊಲ, ಒಂದು ಮಳೆ, ಮೂರು ಬಾಟಲಿ. ಇದನ್ನು ಸಂಶೋಧನೆ ಎನ್ನಲಾಗದು. ಆದರೆ ಅಪ್ಪ ಆ ಬಾಟಲಿಗಳನ್ನು ಎರಡು ದಿನ ಎಸೆಯಲು ಬಿಡಲಿಲ್ಲ, ಬಂದವರಿಗೆಲ್ಲ ತೋರಿಸಿದರು. ಆಮೇಲೆ ಮಾರುವ ಮಾತು ಬಂದಿಲ್ಲ.

ತೊಂದರೆಯೂ ಆಯಿತು. ಸುತ್ತ ಎಲ್ಲೂ ಹಸಿರಿಲ್ಲದ ಕಾಲದಲ್ಲಿ ನಮ್ಮದೊಂದೇ ಹೊಲ ಹಸಿರಾಗಿದ್ದರೆ ಊರಿನ ದನಗಳೆಲ್ಲ ಅಲ್ಲಿಗೇ ಬರುತ್ತವೆ. ಅಜ್ಜಿ ದಿನಾ ಸಂಜೆ ಕಾವಲು ಕೂತರು. ನಾಲ್ಕು ಹೊಲದವರು ಕೂಡಿ ಬಿತ್ತಿದರೆ ಕಾಯುವ ಕೆಲಸ ಹಂಚಿಹೋಗುತ್ತದೆ.

ನಿಲ್ಲಿಸುವುದೂ ಆಯ್ಕೆಯ ಭಾಗ

ಹೊದಿಕೆ ಬೆಳೆಯೂ ನೀರು ಕುಡಿಯುತ್ತದೆ. ಒಣಭೂಮಿಯಲ್ಲಿ ಇದನ್ನು ಮರೆತರೆ ಮುಂದಿನ ಬೆಳೆಗೆ ಇಡಬೇಕಾದ ತೇವವನ್ನೇ ಇದು ಹೀರಿಬಿಡುತ್ತದೆ. ಸೆಣಬು ಹೂವಾಡುವ ಹೊತ್ತಿಗೆ ಕೆಲಸ ಮುಗಿಸಬೇಕು. ತಡವಾದರೆ ಕಾಂಡ ನಾರಾಗಿ ಬೇಗ ಕೊಳೆಯದು, ಬೀಜವಾದರೆ ಅದೇ ಕಳೆಯಾಗುತ್ತದೆ. ಮಣ್ಣಿಗೆ ಸೇರಿಸಿ ಎರಡು ವಾರ ಬಿಟ್ಟು ಬಿತ್ತಿದರೆ ಕೊಳೆಯಲು ಸಮಯ ಸಿಗುತ್ತದೆ. ಮಳೆ ಕೈಕೊಟ್ಟ ವರ್ಷ ಹೂವಿಗೂ ಕಾಯದೆ ಮೊದಲೇ ಕತ್ತರಿಸಿ ನೆಲದ ಮೇಲೇ ಹಾಸಿಬಿಡುವುದು ಜಾಣತನ. ಆಗ ತೇವ ಆರುವುದಾದರೂ ತಪ್ಪುತ್ತದೆ.

ಬೀಜದ ಪ್ರಮಾಣದಲ್ಲಿ ಜಿಪುಣತನ ಬೇಡ. ಸೆಣಬಾಗಲಿ ಡಯಾಂಚವಾಗಲಿ ಎಕರೆಗೆ 10–12 ಕಿಲೋ ಬೇಕು. ರೈತ ಸಂಪರ್ಕ ಕೇಂದ್ರಗಳಲ್ಲಿ ಹಸಿರೆಲೆ ಗೊಬ್ಬರದ ಬೀಜ ರಿಯಾಯಿತಿ ದರದಲ್ಲಿ ಸಿಗುವುದುಂಟು. ಮಾರ್ಚ್‌ನಲ್ಲೇ ವಿಚಾರಿಸಿಡಿ. ಮಳೆ ಬಂದ ಮೇಲೆ ಬೀಜ ಹುಡುಕುತ್ತಾ ಹೋದರೆ ಹದ ಆರಿಹೋಗಿರುತ್ತದೆ.

ಅಳೆಯಲು ಲ್ಯಾಬ್ ಬೇಡ

ಬೆಳೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ನಮ್ಮಂಥವರು ಮೂರು ಪರೀಕ್ಷೆ ಮಾಡಬಹುದು.

ಒಂದು, ಹಗ್ಗ. ಉದ್ದದ ಹಗ್ಗಕ್ಕೆ ಸಮ ಅಂತರದಲ್ಲಿ ನೂರು ಗಂಟು ಹಾಕಿ ಹೊಲದಲ್ಲಿ ಓರೆಯಾಗಿ ಎಳೆಯಿರಿ. ಎಷ್ಟು ಗಂಟುಗಳ ಜಾಗದಲ್ಲಿ ಎಲೆಯೋ ತರಗೋ ಇದೆ ಎಂದು ಎಣಿಸಿ. ಅದೇ ಹೊದಿಕೆಯ ಶೇಕಡಾವಾರು.

ಎರಡು, ಬೇರಿನ ಗಂಟು. ಗಿಡವನ್ನು ಮಣ್ಣಿನ ಸಮೇತ ಅಗೆದು ತೆಗೆದು ಬೇರಿನ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪಾಗಿದ್ದರೆ ಸಾರಜನಕ ಹಿಡಿಯುವ ಕೆಲಸ ನಡೆದಿದೆ. ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ. ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತಬೇಕು.

ಮೂರು, ಗಾಜಿನ ಲೋಟ. ಹೊದಿಕೆಯಿದ್ದ ಕಡೆಯ ಮತ್ತು ಖಾಲಿ ಬಿಟ್ಟ ಕಡೆಯ ಒಣ ಹೆಂಟೆಗಳನ್ನು ಎರಡು ಲೋಟ ನೀರಿಗೆ ಬಿಡಿ. ಯಾವುದು ಬೇಗ ಕರಗಿ ಉದುರುತ್ತದೋ ಆ ಮಣ್ಣು ಮಳೆಗೂ ಹಾಗೆಯೇ ಉದುರುತ್ತದೆ. ಒಂದೇ ವರ್ಷಕ್ಕೆ ದೊಡ್ಡ ವ್ಯತ್ಯಾಸ ಕಾಣದಿರಬಹುದು. ನಾಲ್ಕೈದು ವರ್ಷ ಬರೆದಿಟ್ಟು ಹೋಲಿಸಿ.

ಕೊನೆಗೆ ನಮ್ಮದೇ ಶಾಖೆಯ ಒಂದು ಲೆಕ್ಕ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಈಗ ಸುಮಾರು 105. ಉಳಿದ ಜಾಗದಲ್ಲಿ ಕೂತಿರುವುದು ಮೇಲಿನಿಂದ ಹರಿದು ಬಂದ ಹೂಳು. ಅದನ್ನು ತೆಗೆಯುವುದು ಹೇಗೆಂದು ದೊಡ್ಡ ದೊಡ್ಡ ಎಂಜಿನಿಯರುಗಳು ತಲೆಕೆಡಿಸಿಕೊಂಡಿದ್ದಾರೆ. ಮಣ್ಣು ಹೊಲ ಬಿಡುವ ಮೊದಲೇ ಹಿಡಿಯುವುದಕ್ಕೆ ಅಷ್ಟು ಖರ್ಚಿಲ್ಲ.

ನಮ್ಮಲ್ಲಿ ಬಹಳಷ್ಟು ಮಂದಿ ಓದಿಗೋ ಕೆಲಸಕ್ಕೋ ಊರು ಬಿಟ್ಟಿದ್ದೇವೆ. ಮನೆಯಲ್ಲಿ ದುಡಿಯುವ ಕೈ ಕಡಿಮೆಯಾದಂತೆ ಹೊಲ ಖಾಲಿ ಬೀಳುವ ದಿನಗಳು ಹೆಚ್ಚಾಗಿವೆ. ಹೊದಿಕೆ ಬೆಳೆ ಕೇಳುವುದು ಬಿತ್ತಲು ಒಂದು ವಾರಾಂತ್ಯ, ಮಣ್ಣಿಗೆ ಸೇರಿಸಲು ಇನ್ನೊಂದು. ಉಳಿದ ದಿನಗಳಿಗೆ ಊರಿನಲ್ಲಿ ಕಾವಲಿಗೊಬ್ಬರು ಸಾಕು. ಅಶ್ವಿನಿ ಮಳೆ ಏಪ್ರಿಲ್ ಮಧ್ಯಕ್ಕೆ ಶುರು. ಅಷ್ಟರೊಳಗೆ ಮನೆಗೆ ಒಂದು ಫೋನ್ ಮಾಡಿ, ನಮ್ಮ ಹೊಲ ಯಾವ ತಿಂಗಳಲ್ಲಿ ಬೆತ್ತಲೆ ಇರುತ್ತದೆ ಎಂದು ಕೇಳಿ. ಬೀಜದ ಹೆಸರು ಆಮೇಲೆ ತಾನಾಗಿ ಹೊಳೆಯುತ್ತದೆ.