ಬುತ್ತಿ ಕಟ್ಟದೆ ಒಂದು ದಿನ, ಮಲ್ಲೇಶ್ವರದಲ್ಲಿ

ಬೆಂಗಳೂರಿಗೆ ನೀವು ಎಷ್ಟು ಸಲ ಹೋಗಿಬಂದಿದ್ದೀರಿ, ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಾದಿನಿಯ ಮದುವೆಗೆ ಜವಳಿ ತೆಗೆಯಲು ಒಮ್ಮೆ, ಅತ್ತೆಯವರ ಕಣ್ಣಿನ ಆಪರೇಷನ್ನಿಗೆ ಒಮ್ಮೆ, ಮಗನ ಕಾಲೇಜು ಸೀಟಿಗಾಗಿ ಎರಡು ಸಲ. ನಡುವೆ ಕಂಡದ್ದು ಮೆಜೆಸ್ಟಿಕ್ಕಿನ ಗದ್ದಲ ಮತ್ತು ಆಸ್ಪತ್ರೆಯ ಬೆಂಚು. ಆದರೂ "ಬೆಂಗಳೂರು ನೋಡಿದ್ದೀರಾ?" ಅಂತ ಯಾರಾದರೂ ಕೇಳಿದರೆ ಹೂಂ ಅನ್ನುತ್ತೇವೆ. ನಿಜವಾಗಿ ನೋಡಿದ್ದೇವೆಯೇ?

ಒಂದು ಸಲ ಬರೀ ನೋಡುವುದಕ್ಕೆಂದೇ ಹೋಗಿಬನ್ನಿ. ಊರೆಲ್ಲಾ ಸುತ್ತುವುದು ಬೇಡ, ಒಂದೇ ಬಡಾವಣೆ ಸಾಕು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗಿ, ಯುಗಾದಿಯ ಬಿಸಿಲು ಇನ್ನೂ ಏರದಿರುವ ದಿನಗಳಿವೆಯಲ್ಲ, ಅದೇ ತಕ್ಕ ಸಮಯ. ಹೊಂಗೆ ಚಿಗುರಿರುತ್ತದೆ, ಬೇವು ಹೂವಿಗೆ ಬಂದಿರುತ್ತದೆ. "ಮಕ್ಕಳಿಗೆ ಪರೀಕ್ಷೆ ಕಣ್ರೀ" ಅನ್ನಬೇಡಿ. ಒಂದು ಭಾನುವಾರಕ್ಕೆ ಯಾವ ಮಗುವೂ ಫೇಲಾಗುವುದಿಲ್ಲ.

ಅತ್ತೆಯವರನ್ನೂ ಮಕ್ಕಳನ್ನೂ ಕರೆದುಕೊಳ್ಳಿ, ಪಕ್ಕದ ಮನೆಯವರನ್ನೂ ಹೊರಡಿಸಿ. ನಾಲ್ಕು ಜನ ಹೆಂಗಸರಿದ್ದರೆ ಧೈರ್ಯಕ್ಕೆ ಧೈರ್ಯ, ಮಾತಿಗೆ ಮಾತು. ಖರ್ಚಿನ ಚಿಂತೆಯೇ? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ನಮಗೆ ಟಿಕೆಟ್ಟಿನ ದುಡ್ಡಿಲ್ಲ. ಆಧಾರ್ ಕಾರ್ಡು ಮಾತ್ರ ಮರೆಯಬೇಡಿ. ತುಮಕೂರು ಕಡೆಯವರಿಗೆ ರೈಲೂ ಉಂಟು, ಮಲ್ಲೇಶ್ವರದಲ್ಲೇ ಸ್ಟೇಷನ್ ಇದೆ. ಎಲ್ಲಾ ಗಾಡಿಯೂ ಅಲ್ಲಿ ನಿಲ್ಲುವುದಿಲ್ಲ, ಕೇಳಿಕೊಂಡು ಹತ್ತಿ. ಮೆಜೆಸ್ಟಿಕ್ಕಿನಲ್ಲಿ ಇಳಿದವರು ಮೆಟ್ರೋ ಹತ್ತಿದರೆ ಸಂಪಿಗೆ ರಸ್ತೆ ಬಹಳ ಹತ್ತಿರ.

ಇನ್ನೊಂದು ಮಾತು. ಅಡುಗೆ ಪುಟಗಳಿರುವ ಪತ್ರಿಕೆಯಲ್ಲಿ ಹೀಗೆ ಬರೆಯಬಾರದೇನೋ, ಆದರೂ ಬರೆಯುತ್ತೇನೆ: ಬುತ್ತಿ ಕಟ್ಟಬೇಡಿ! ನಾಲ್ಕು ಗಂಟೆಗೆದ್ದು ಪುಳಿಯೋಗರೆ ಕಲಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿ, ಡಬ್ಬಿ ತುಂಬಿ, ಚೀಲ ಹೊತ್ತು ಹೊರಟರೆ ಅದು ಮನೆಯವರಿಗೆ ವಿಹಾರ, ನಿಮಗೆ ಅದೇ ಅಡುಗೆಮನೆ. ಮಕ್ಕಳಿಗೆ ನೀರು, ಡಬ್ಬದಲ್ಲಿರುವ ನಾಲ್ಕು ನಿಪ್ಪಟ್ಟು, ಅಷ್ಟೇ. ಬೆಳಗಿನ ಇಡ್ಲಿಗೆ 15ನೇ ಅಡ್ಡರಸ್ತೆಯಲ್ಲಿ ವೀಣಾ ಸ್ಟೋರ್ಸ್ ಇದೆ. ನಿಂತೇ ತಿನ್ನಬೇಕು, ಚಟ್ನಿ ಮಾತ್ರ ಧಾರಾಳ. ಬೆಣ್ಣೆ ಮಸಾಲೆ ದೋಸೆ ಬೇಕೆಂದವರಿಗೆ 7ನೇ ಅಡ್ಡರಸ್ತೆಯ ಸಿ.ಟಿ.ಆರ್. ಅಲ್ಲಿ ಕಾಯುವ ತಾಳ್ಮೆ ಬೇಕು. ಬೇರೆಯವರು ಮಾಡಿ ಬಡಿಸಿದ್ದನ್ನು ಬಿಸಿಬಿಸಿಯಾಗಿ ತಿನ್ನುವ ಸುಖ ನಮಗೆ ವರ್ಷಕ್ಕೆಷ್ಟು ಸಲ ಸಿಕ್ಕೀತು, ಹೇಳಿ?

ಮೊದಲು ದೇವಸ್ಥಾನಗಳಿಗೆ ಹೋಗಿ, ಮಧ್ಯಾಹ್ನ ಬಾಗಿಲು ಹಾಕಿಬಿಡುತ್ತಾರೆ. ಬಡಾವಣೆಗೆ ಹೆಸರು ಕೊಟ್ಟವನೇ ಕಾಡುಮಲ್ಲೇಶ್ವರ. ಹೆಸರೇ ಹೇಳುವಂತೆ ಆಗ ಇದೆಲ್ಲಾ ಕಾಡು. ಶಿವಾಜಿಯ ಮಲತಮ್ಮ ಏಕೋಜಿ 1669ರಲ್ಲಿ ಈ ದೇವರಿಗೆ ದತ್ತಿ ಬಿಟ್ಟದ್ದಕ್ಕೆ ಶಾಸನವಿದೆ. ಮೆಟ್ಟಿಲೇರಿ ಒಳಗೆ ಹೋದರೆ ಮರದ ನೆರಳು, ಸಾಲು ನಾಗರಕಲ್ಲು; ರಸ್ತೆಯ ಸದ್ದು ಹಿಂದೆ ಉಳಿಯುತ್ತದೆ. ಎದುರಿಗೇ ನಂದಿತೀರ್ಥ. ಇಲ್ಲಿ ಏರುವ ಬದಲು ಇಳಿಯಬೇಕು. ಬಹುಕಾಲ ಮಣ್ಣಿನಡಿ ಮುಚ್ಚಿಹೋಗಿದ್ದ ಈ ಗುಡಿ 1997ರಲ್ಲಿ ಅಗೆದಾಗ ಮತ್ತೆ ಹೊರಬಂತು. ದಕ್ಷಿಣಕ್ಕೆ ಮುಖಮಾಡಿದ ನಂದಿಯ ಬಾಯಿಂದ ನೀರು ಧಾರೆಯಾಗಿ ಕೆಳಗಿನ ಲಿಂಗದ ಮೇಲೆ ಬಿದ್ದು, ಅಲ್ಲಿಂದ ಕಲ್ಯಾಣಿಗೆ ಸೇರುತ್ತದೆ. ಅತ್ತೆಯವರು ಇಲ್ಲಿಂದ ಬೇಗ ಏಳುವುದಿಲ್ಲ. ಅವಸರ ಮಾಡಬೇಡಿ, ನೀವೂ ಕಾಲು ಚಾಚಿ ಕೂತುಕೊಳ್ಳಿ.

ಆಮೇಲೆ ಸುಮ್ಮನೆ ನಡೆಯಿರಿ. ರಸ್ತೆಗಳು ಗೆರೆ ಎಳೆದ ಹಾಗೆ ನೇರ, ಅಡ್ಡರಸ್ತೆಗಳಿಗೆ ನಂಬರು. ದಾರಿ ತಪ್ಪುವ ಭಯವಿಲ್ಲ. ಇದಕ್ಕೆ ಕಾರಣ ಒಂದು ಕಷ್ಟದ ಕಾಲ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನ ಹೊರಗೆ ಓಡಿದರು. ಗಾಳಿ ಬೆಳಕು ಬೇಕು, ಮನೆಗೂ ಮನೆಗೂ ನಡುವೆ ಜಾಗ ಬೇಕು ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆಗಲೇ. ಮನೆಗಳ ಹಿಂದೆ ಕಿರುಗಲ್ಲಿಗಳು ಕಾಣುತ್ತವೆ ನೋಡಿ, ಅವು ಕಕ್ಕಸು ಶುಚಿಮಾಡುವವರು ಓಡಾಡಲು ಬಿಟ್ಟ ದಾರಿಗಳು. ಊರು ಚೊಕ್ಕಟವಾಗಿರಲೆಂದು ಹಿಂಬಾಗಿಲಿನಲ್ಲೇ ಸವೆದ ಆ ಜನರನ್ನೂ ಅಲ್ಲಿ ನಿಂತು ಒಮ್ಮೆ ನೆನೆಯಬೇಕು.

ಕೆಂಪು ಹೆಂಚಿನ, ಕಿಟಕಿಯ ಮೇಲೆ ಮರದ ಜಾಲರಿಯ ಮೊನಚು ಮಾಡಿರುವ ಹಳೆಯ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಆ ಜಾಲರಿಗೆ 'ಮಂಕಿ ಟಾಪ್' ಅನ್ನುತ್ತಾರೆ. ಪಕ್ಕದಲ್ಲೇ ನಾಲ್ಕಂತಸ್ತಿನ ಕಟ್ಟಡ ಎದ್ದಿರುತ್ತದೆ. ಇಂಥ ಮನೆ ಕಂಡರೆ ಮಕ್ಕಳಿಗೆ ಈಗಲೇ ತೋರಿಸಿ, ಮುಂದಿನ ಸಲಕ್ಕೆ ಇರುತ್ತದೋ ಇಲ್ಲವೋ. ಸರ್ ಸಿ.ವಿ. ರಾಮನ್ನರ ಮನೆ 'ಪಂಚವಟಿ' ಇರುವುದು ಇದೇ ಬಡಾವಣೆಯಲ್ಲಿ. ಆಟದ ಹುಚ್ಚಿರುವ ಮಗನಿದ್ದರೆ ಕೆನರಾ ಯೂನಿಯನ್ನಿನ ಕಥೆ ಹೇಳಿ. ಮದುವೆ ಇಲ್ಲದ ದಿನಗಳಲ್ಲಿ ಅದರ ಛತ್ರದಲ್ಲಿ ಬ್ಯಾಡ್ಮಿಂಟನ್ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು.

ಸಂಪಿಗೆ ರಸ್ತೆಯಲ್ಲಿ ಹೆಸರಿಗೆ ತಕ್ಕಷ್ಟು ಸಂಪಿಗೆ ಈಗಿಲ್ಲ. ಪಕ್ಕದ ಮಾರ್ಗೋಸಾ ರಸ್ತೆಯ ಹೆಸರಿನ ಅರ್ಥ ನಮ್ಮ ಬೇವೇ. 8ನೇ ಅಡ್ಡರಸ್ತೆಗೆ ಬಂದಿರೋ, ಅಲ್ಲಿಗೆ ನಿಮ್ಮ ಗಂಟೆಗಳೆಲ್ಲಾ ಮುಗಿದಂತೆ! ಮಲ್ಲಿಗೆ ಮೊಗ್ಗು, ಬಳೆ, ಪೂಜೆ ಸಾಮಾನು, ಸೀರೆಗೆ ಒಪ್ಪುವ ರವಿಕೆ ಕಣ ಎಲ್ಲವೂ ಕಾಲುದಾರಿಯಲ್ಲೇ. ಚೌಕಾಸಿ ಮಾಡಿ, ಸಂಕೋಚ ಬೇಡ. ಒಂದೇ ಎಚ್ಚರಿಕೆ: ಮನೆಯವರಿಗೆಲ್ಲ ಕೊಂಡು ನಿಮಗೇನೂ ತೆಗೆದುಕೊಳ್ಳದೆ ಬರಬೇಡಿ.

ಬಿಸಿಲಿಳಿದ ಮೇಲೆ ಆಟೋ ಹಿಡಿದು ಸ್ಯಾಂಕಿ ಕೆರೆಗೆ ಹೋಗಿ. ಇಂಜಿನಿಯರ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ್ದು. ದಡದ ದಾರಿಯಲ್ಲಿ ಮಕ್ಕಳನ್ನು ಓಡಲು ಬಿಟ್ಟು, ಗೆಳತಿಯರು ನಾಲ್ಕು ಜನ ಕಲ್ಲುಬೆಂಚಿನ ಮೇಲೆ ಕೂತರೆ ಗಾಳಿ ತಣ್ಣಗೆ ಬೀಸುತ್ತದೆ. ವಾಪಸು ಹೊರಡುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಬೆಳಿಗ್ಗೆ ಇಳಿದಾಗಲೇ ವಿಚಾರಿಸಿಟ್ಟುಕೊಂಡಿರಿ. ಬಸ್ಸು ಹತ್ತಿ ಸೀಟು ಸಿಕ್ಕಿದ ಮೇಲೆ ಯಜಮಾನರಿಗೆ ಒಂದು ಫೋನು ಮಾಡಿ, ನಾವು ಬರುವ ಹೊತ್ತಿಗೆ ಅನ್ನ ಆಗಿರಲಿ, ಸಾರು ಬೆಳಗಿನದೇ ಇದೆ ಎಂದು ಹೇಳಿ.