ಹಿಮಗಟ್ಟಿದ ಮೆಟ್ಟಿಲುಗಳು ಮತ್ತು ಮಾಲೀಕರ ಹೊಣೆಗಾರಿಕೆ (ಮ್ಯಾಸಚೂಸೆಟ್ಸ್)

ಕಟ್ಟಡದ ಹೊರಮೆಟ್ಟಿಲುಗಳ ಮೇಲಿನ ಹಿಮ ಅಥವಾ ಮಂಜುಗಡ್ಡೆಯಿಂದ ಯಾರಾದರೂ ಜಾರಿಬಿದ್ದು ಗಾಯಗೊಂಡಾಗ ಸ್ವತ್ತಿನ ಮಾಲೀಕರು ಪರಿಹಾರ ನೀಡಬೇಕೆ ಎಂಬ ಪ್ರಶ್ನೆ ನಿರ್ಲಕ್ಷ್ಯದ ಕಾನೂನಿಗೆ ಸೇರಿದೆ. ಅಮೆರಿಕದಲ್ಲಿ ಇದರ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿವೆ. ಮ್ಯಾಸಚೂಸೆಟ್ಸ್ ರಾಜ್ಯವು 1883ರಿಂದ ಪಾಲಿಸುತ್ತಿದ್ದ ನಿಯಮವನ್ನು 2010ರಲ್ಲಿ ಕೈಬಿಟ್ಟಿತು.

== ಹಳೆಯ ನಿಯಮ ==
ಹತ್ತಿಗಿರಣಿ ಕಂಪನಿಯೊಂದರ ಬಾಡಿಗೆಮನೆಯ ಮೆಟ್ಟಿಲುಗಳ ಮೇಲೆ ಬಾಡಿಗೆದಾರರೊಬ್ಬರು ಜಾರಿಬಿದ್ದ ಪ್ರಕರಣದಲ್ಲಿ, ಹಿಮವನ್ನು ತೆಗೆಸುವುದು ಮಾಲೀಕರ ಕರ್ತವ್ಯವಲ್ಲವೆಂದು 1883ರಲ್ಲಿ ತೀರ್ಪಾಯಿತು. ಇದರಿಂದ 'ಸಹಜ ಶೇಖರಣೆ' ಮತ್ತು 'ಅಸಹಜ ಶೇಖರಣೆ' ಎಂಬ ಭೇದ ಬೆಳೆಯಿತು. ಆಕಾಶದಿಂದ ಬಿದ್ದು ಹಾಗೆಯೇ ಉಳಿದ ಹಿಮ ಸಹಜ; ಒಡೆದ ಕೊಳವೆಯಿಂದ ಸೋರಿದ ನೀರು ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದರೆ ಅದು ಅಸಹಜ. ಹೊಣೆ ಬರುತ್ತಿದ್ದುದು ಎರಡನೆಯದಕ್ಕೆ ಮಾತ್ರ. ಆದ್ದರಿಂದ ಹಿಮವನ್ನು ಮುಟ್ಟದೆ ಬಿಟ್ಟ ಮಾಲೀಕರು ಬಹುಮಟ್ಟಿಗೆ ಹೊಣೆಯಿಂದ ಪಾರಾಗುತ್ತಿದ್ದರು. ನಷ್ಟವನ್ನು ಬಿದ್ದವರೇ ಭರಿಸಬೇಕಾಗುತ್ತಿತ್ತು.

== 2010ರ ತೀರ್ಪು ==
ಡ್ಯಾನ್ವರ್ಸ್ ಪಟ್ಟಣದ ಅಂಗಡಿಯೊಂದರ ವಾಹನ ನಿಲುಗಡೆ ಸ್ಥಳದಲ್ಲಿ ಮಂಜುಗಡ್ಡೆಯ ಮೇಲೆ ಜಾರಿದ ಗ್ರಾಹಕರೊಬ್ಬರ ಪ್ರಕರಣದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2010ರ ಜುಲೈ 26ರಂದು ಈ ಭೇದವನ್ನು ರದ್ದುಪಡಿಸಿತು. ಇತರ ಅಪಾಯಗಳಿಗೆ ಅನ್ವಯಿಸುವ 'ಯುಕ್ತ ಎಚ್ಚರಿಕೆ'ಯ ಅಳತೆಗೋಲೇ ಹಿಮಕ್ಕೂ ಅನ್ವಯಿಸುತ್ತದೆ ಎಂಬುದು ತೀರ್ಪಿನ ಸಾರ. ಓಡಾಡುವ ಜನರ ಪ್ರಮಾಣ, ಅಪಾಯದ ತೀವ್ರತೆ, ಹಿಮ ತೆಗೆಸುವ ಶ್ರಮ ಮತ್ತು ವೆಚ್ಚ ಇವುಗಳನ್ನು ತೂಗಿ ನೋಡಲಾಗುತ್ತದೆ. ಅಪಾಯ ಕಣ್ಣಿಗೆ ಕಾಣುವಂತಿತ್ತು ಎಂಬ ಒಂದೇ ಕಾರಣದಿಂದ ಮಾಲೀಕರು ಮುಕ್ತರಾಗುವುದಿಲ್ಲ. ಮನೆಗೆ ಬೇರೆ ದಾರಿಯಿಲ್ಲದವರು ಆ ಮೆಟ್ಟಿಲನ್ನೇ ತುಳಿಯಬೇಕಾಗುತ್ತದೆ. ಹಾಗೆಂದು ಜಾರಿದ ಮಾತ್ರಕ್ಕೆ ಪರಿಹಾರ ದೊರೆಯುವುದೂ ಇಲ್ಲ. ಮಾಲೀಕರ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕು.

== ಕಾಲಮಿತಿ ಮತ್ತು ಪಾಲುದೋಷ ==
ಗಾಯಗೊಂಡವರು ಘಟನೆಯ ಸಮಯ, ಸ್ಥಳ ಮತ್ತು ಕಾರಣವನ್ನು ತಿಳಿಸುವ ಲಿಖಿತ ಸೂಚನೆಯನ್ನು 30 ದಿನಗಳೊಳಗೆ ಮಾಲೀಕರಿಗೆ ನೀಡಬೇಕು. ಮೊಕದ್ದಮೆ ಹೂಡಲು 3 ವರ್ಷಗಳ ಅವಧಿಯಿದೆ. ಬಿದ್ದವರದೂ ತಪ್ಪಿದ್ದರೆ ಪರಿಹಾರ ಆ ಪ್ರಮಾಣದಲ್ಲಿ ಇಳಿಯುತ್ತದೆ. ಅವರ ಪಾಲು 50 ಶೇಕಡವನ್ನು ಮೀರಿದರೆ ಏನೂ ದೊರೆಯದು.

== ಇತರ ರಾಜ್ಯಗಳು ==
ನ್ಯೂಯಾರ್ಕ್‌ನಲ್ಲಿ ಹಿಮಪಾತ ನಿಂತ ಮೇಲೆ ಅದನ್ನು ತೆಗೆಸಲು ಮಾಲೀಕರಿಗೆ ಯುಕ್ತ ಕಾಲಾವಕಾಶವಿರುತ್ತದೆ. ಇಲಿನಾಯ್ ರಾಜ್ಯದಲ್ಲಿ ಸಹಜ ಶೇಖರಣೆಯ ನಿಯಮವು ಸಾಮಾನ್ಯವಾಗಿ ಇಂದಿಗೂ ಅನ್ವಯಿಸುತ್ತದೆ.