ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಬೈಕಿಗೆ ಹೊಸ ಬ್ಯಾಟರಿ ಕೊಳ್ಳುವ ಮುನ್ನ

ಕಥೆ, ಕವನ, ವಿಮರ್ಶೆಗಳ ನಡುವೆ ಬ್ಯಾಟರಿಯ ಮೇಲೊಂದು ಲೇಖನವೇ ಎಂದು ಹುಬ್ಬೇರಿಸಬೇಡಿ, ಗೆಳೆಯರೇ. ಪುಣೆಯಲ್ಲಿ ಓದುವ ನಮ್ಮ ಕನ್ನಡದ ಹುಡುಗರಲ್ಲಿ ಅನೇಕರ ಬಳಿ ಯಾರೋ ಸೀನಿಯರ್ ಬಿಟ್ಟುಹೋದ ಒಂದು ಸೆಕೆಂಡ್ ಹ್ಯಾಂಡ್ ಬೈಕು ಇದೆ. ಅದರ ಹೊಟ್ಟೆಯೊಳಗೊಂದು ಬ್ಯಾಟರಿ ಇದೆ. ಅದು ಕೈಕೊಡುವುದು ಮಾತ್ರ ತಿಂಗಳ ಕೊನೆಯ ವಾರದಲ್ಲೇ, ಮೆಸ್ಸಿನ ಬಿಲ್ಲು ಇನ್ನೂ ಕಟ್ಟಿರದಾಗಲೇ. ಆದ್ದರಿಂದ ಈ ವಿಷಯ ಸಾಹಿತ್ಯವಲ್ಲದಿದ್ದರೂ ನಮ್ಮ ಬದುಕಿಗೆ ಹತ್ತಿರದ್ದೇ.

ನನ್ನ ರೂಮ್‌ಮೇಟ್ ಧಾರವಾಡದ ಕಡೆಯವನು. ಅವನ 150 ಸಿ.ಸಿ. ಬೈಕಿಗೆ ಕಿಕ್ ಇಲ್ಲ, ಸೆಲ್ಫ್ ಒಂದೇ ಗತಿ. ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ 'ಟಕ್ ಟಕ್' ಎಂದು ಸುಮ್ಮನಾಯಿತು. "ಬ್ಯಾಟರಿ ಹೋಗೇತಿ ಬಿಡಲೇ, ಹೊಸಾದು ಹಾಕಿಸಿದ್ರ ಮುಗೀತು" ಎಂದ. ಹತ್ತಿರದ ಒಂದು ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಹೊಸ ಬ್ಯಾಟರಿ ಕೂತಿತು, ಹಳೆಯದು ಅಂಗಡಿಯ ಮೂಲೆ ಸೇರಿತು. ಆ ಹಳೆಯ ಬ್ಯಾಟರಿಯ ಪಕ್ಕಗಳು ಉಬ್ಬಿದ್ದನ್ನು ನಾವಿಬ್ಬರೂ ನೋಡಿದೆವು, ಆದರೆ ಏಕೆ ಉಬ್ಬಿತು ಎಂದು ಕೇಳಲಿಲ್ಲ. ಆ ಗಾಡಿಯ ಹೆಡ್‌ಲೈಟಿನ ಬಲ್ಬು ಎರಡು ಸಲ ಸುಟ್ಟುಹೋಗಿತ್ತು. ಅದೂ ನೆನಪಾಗಲಿಲ್ಲ.

ಎರಡೂವರೆ ತಿಂಗಳಾದ ಮೇಲೆ ಎಳ್ಳಮಾವಾಸ್ಯೆ ಬಂತು. ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಊರಲ್ಲಿರಬೇಕೆಂದು ಅವನು ಹಿಂದಿನ ದಿನ ಸಂಜೆ ಕ್ಲಾಸು ಮುಗಿಸಿ ಹೊರಟ. ಕಾತ್ರಜ್ ದಾಟಿ, ಶಿರವಳ ದಾಟಿ, ಖಂಬಾಟಕಿ ಘಾಟಿನ ಬುಡದಲ್ಲಿ ಚಹಾಕ್ಕೆ ನಿಲ್ಲಿಸಿದ. ಚಹಾ ಕುಡಿದು ಬಂದು ಗುಂಡಿ ಒತ್ತಿದರೆ ಮತ್ತದೇ 'ಟಕ್ ಟಕ್'. ತಳ್ಳಿದ, ಓಡಿದ, ಗೇರು ಹಾಕಿ ಕ್ಲಚ್ ಬಿಟ್ಟ. ಇಂಜೆಕ್ಷನ್ ಗಾಡಿ, ಪೆಟ್ರೋಲ್ ಪಂಪಿಗೇ ಕರೆಂಟಿಲ್ಲದ ಮೇಲೆ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೆಲ್ಲಿಂದ? ದೀಪವಿಲ್ಲ, ಇಂಡಿಕೇಟರ್ ಇಲ್ಲ, ಪಕ್ಕದಲ್ಲೇ ಸಾಲುಸಾಲು ಲಾರಿಗಳು. ಆ ಕತ್ತಲಲ್ಲಿ ಗಾಡಿಯನ್ನು ರಸ್ತೆಯ ಅಂಚಿನಲ್ಲಿ ತಳ್ಳುತ್ತ ಧಾಬಾಕ್ಕೆ ವಾಪಸು ಬರುವಾಗ ಒಂದು ಲಾರಿ ಮೊಳದಷ್ಟು ದೂರದಲ್ಲಿ ಹಾದುಹೋಯಿತಂತೆ. ರಾತ್ರಿಯೆಲ್ಲ ಧಾಬಾದ ಮಂಚದ ಮೇಲೆ ಕೂತು ಕಳೆದ. ಊರು ಮುಟ್ಟಿದಾಗ ಹಬ್ಬ ಮುಗಿದಿತ್ತು, ಅವ್ವ ತೆಗೆದಿಟ್ಟಿದ್ದ ಸಜ್ಜೆ ರೊಟ್ಟಿ ಮಾತ್ರ ಉಳಿದಿತ್ತು.

ತಿರುಗಿ ಬಂದ ಮೇಲೆ ನಾನಾ ಪೇಟೆಯ ಕಡೆ, ವಿಜಾಪುರದಿಂದ ಬಂದು ನೆಲೆಸಿದ ಒಬ್ಬ ಹಿರಿಯ ಮೆಕ್ಯಾನಿಕ್ ಕಾಕಾನ ಬಳಿ ಹೋದೆವು. ಬೇರೆ ಬ್ಯಾಟರಿಯಿಂದ ವಯರು ಕೊಟ್ಟು ಇಂಜಿನ್ ಶುರು ಮಾಡಿ, ಮೀಟರು ಹಿಡಿದರು. 16 ವೋಲ್ಟಿಗೂ ಮೇಲೆ ಹತ್ತಿತು. ಕಾಕಾ ನಕ್ಕರು: "ತಮ್ಮಾ, ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ. ಹಂಗಾತು ನಿಮ್ದು. ಬ್ಯಾಟರಿದೇನೂ ತಪ್ಪಿಲ್ಲ. ರೆಗ್ಯುಲೇಟರ್ ಕೆಟ್ಟು ಕುದಿಸಿ ಕುದಿಸಿ ಕೊಂದೈತಿ. ಒಂದಲ್ಲ, ಎರಡು."

ಈ ಲೇಖನದ ಸಾರಾಂಶವೆಲ್ಲ ಆ ಮಾತಿನಲ್ಲೇ ಇದೆ. ಹಳೆಯ ಬ್ಯಾಟರಿ ಏಕೆ ಸತ್ತಿತು ಎಂದು ತಿಳಿಯದೆ ಹೊಸದನ್ನು ಕೊಳ್ಳಬಾರದು. ಮುದಿತನದಿಂದ ಸತ್ತಿದ್ದರೆ ಹೊಸದು ತರೋಣ. ಯಾರೋ ಕೊಂದಿದ್ದರೆ ಹೊಸದನ್ನೂ ಅವರು ಬಿಡುವುದಿಲ್ಲ.

ಮೊದಲು ಬ್ಯಾಟರಿಯ ಒಳಗೆ ಏನಿದೆ ನೋಡೋಣ. ಸೀಸ ಮತ್ತು ಗಂಧಕಾಮ್ಲದ ಈ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಕಂಡುಹಿಡಿದ. ಇಂದಿಗೂ ನಮ್ಮ ಬೈಕುಗಳಲ್ಲಿ ಹೆಚ್ಚಾಗಿ ಇರುವುದು ಅದರ ಸಂತಾನವೇ. ಒಂದು ಫಲಕ ಸೀಸದ್ದು, ಇನ್ನೊಂದು ಸೀಸದ ಡಯಾಕ್ಸೈಡಿನದು, ನಡುವೆ ನೀರು ಬೆರೆಸಿದ ಆಮ್ಲ. ಇಂಥ ಒಂದು ಕೋಶ ಸುಮಾರು 2.1 ವೋಲ್ಟು ಕೊಡುತ್ತದೆ. ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ ನಮ್ಮ '12 ವೋಲ್ಟಿನ' ಬ್ಯಾಟರಿ. ಕರೆಂಟು ಖರ್ಚಾದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ, ಚಾರ್ಜು ಮಾಡಿದರೆ ಕರಗುತ್ತದೆ. ಖಾಲಿ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಆ ಸಲ್ಫೇಟು ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಮತ್ತೆ ಸುಲಭವಾಗಿ ಕರಗುವುದಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಗಾಡಿಯನ್ನು ಹಾಸ್ಟೆಲ್ ಶೆಡ್ಡಿನಲ್ಲಿ ಬಿಟ್ಟು, ಬಂದ ಮೇಲೆ ಹಣೆ ಚಚ್ಚಿಕೊಳ್ಳುವವರ ಕತೆ ಇದು. ಅಂಥವರು ಹೋಗುವ ಮುನ್ನ ಪೂರಾ ಚಾರ್ಜು ಮಾಡಿಸಿ, ನೆಗೆಟಿವ್ ವಯರು ಬಿಚ್ಚಿಟ್ಟು ಹೋದರೆ ಅರ್ಧ ಕೆಲಸ ಆದಂತೆ.

ಇನ್ನು ಪರೀಕ್ಷೆ. ಬೇಕಾದದ್ದು ಒಂದು ಮಲ್ಟಿಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇಂಜಿನಿಯರಿಂಗ್ ಓದುವ ಗೆಳೆಯನಿದ್ದರೆ ಪುಕ್ಕಟೆಯಾಗಿಯೂ ಸಿಗುತ್ತದೆ.

ಒಂದನೆಯದು, ಗಾಡಿ ಎರಡು ಮೂರು ಗಂಟೆ ನಿಂತ ಮೇಲೆ ಬ್ಯಾಟರಿಯ ಎರಡು ಕಂಬಗಳಿಗೆ ಮೀಟರು ಹಿಡಿಯಿರಿ. 12.6ರಿಂದ 12.8 ಇದ್ದರೆ ತುಂಬಿದೆ. 12.4ರ ಹತ್ತಿರವಿದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಬರಿದು. ಬರಿದಾಗಿದೆ ಎಂದರೆ ಸತ್ತಿದೆ ಎಂದಲ್ಲ! ಮೊದಲು ಹೊರಗೆ ನಿಧಾನವಾಗಿ ಚಾರ್ಜು ಮಾಡಿಸಿ ನೋಡಿ.

ಎರಡನೆಯದು, ತುಂಬಿದ ಬ್ಯಾಟರಿಗೆ ಮೀಟರು ಹಿಡಿದೇ ಸೆಲ್ಫ್ ಒತ್ತಿರಿ. ವೋಲ್ಟು ಇಳಿಯುವುದು ಸಹಜ. ಆದರೆ 9.5ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಶಕ್ತಿ ಉಳಿದಿಲ್ಲ, ಬದಲಿಸುವ ಕಾಲ ಬಂದಿದೆ.

ಮೂರನೆಯದೇ ಮುಖ್ಯ, ಅದನ್ನೇ ನಾವು ಮಾಡಿರಲಿಲ್ಲ. ಇಂಜಿನ್ ಶುರು ಮಾಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿರಿ. 13.5ರಿಂದ 14.5ರ ಆಸುಪಾಸು ಇರಬೇಕು. 12ರ ಚಿಲ್ಲರೆಯಲ್ಲೇ ನಿಂತರೆ ಬ್ಯಾಟರಿಗೆ ಚಾರ್ಜೇ ಬರುತ್ತಿಲ್ಲ; ಹಸಿವಿನಿಂದ ಸಾಯುತ್ತಿದೆ. 15ನ್ನು ದಾಟಿದರೆ ಅಜೀರ್ಣದಿಂದ ಸಾಯುತ್ತಿದೆ: ಒಳಗಿನ ನೀರು ಅನಿಲವಾಗಿ ಹೋಗಿ, ಬಿಸಿಯೇರಿ, ಡಬ್ಬಿ ಉಬ್ಬುತ್ತದೆ, ಬಲ್ಬುಗಳು ಸುಡುತ್ತವೆ. ಈ ಎರಡರಲ್ಲಿ ಯಾವುದಾದರೂ ಮೊದಲು ರೆಗ್ಯುಲೇಟರ್, ಸ್ಟೇಟರ್ ಕಾಯಿಲು, ವಯರಿಂಗ್ ನೋಡಿಸಿರಿ. ಬ್ಯಾಟರಿ ಆಮೇಲೆ.

ಮೂರೂ ಸರಿಯಿದ್ದು, ಎರಡು ದಿನ ನಿಲ್ಲಿಸಿದರೆ ಮಾತ್ರ ಖಾಲಿಯಾಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಕಳ್ಳರ ಅಲಾರಂ, ಮೊಬೈಲ್ ಚಾರ್ಜರ್, ಎರಡನೇ ಹಾರ್ನು ಮೊದಲಾದ ನಾವೇ ಜೋಡಿಸಿದ ಅಲಂಕಾರಗಳನ್ನು ಒಂದೊಂದಾಗಿ ಬಿಚ್ಚಿ ನೋಡಿರಿ. ಕಂಬಗಳ ಮೇಲೆ ಬಿಳಿ ಇಲ್ಲವೆ ಹಸಿರು ಪುಡಿ ಕಟ್ಟಿದ್ದರೆ ಅದೂ ಒಂದು ಕಾರಣ. ಪುಣೆಯ ಮಳೆಗಾಲದಲ್ಲಿ ಇದು ಸಾಮಾನ್ಯ. ವಯರು ಬಿಚ್ಚಿ, ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ಒರೆಸಿ, ಒಣಗಿಸಿ, ಬಿಗಿಯಾಗಿ ಕೂಡಿಸಿ, ಮೇಲೆ ವ್ಯಾಸಲೀನ್ ಸವರಿದರೆ ಸಾಕು. ಎಷ್ಟೋ 'ಸತ್ತ' ಬ್ಯಾಟರಿಗಳು ಇಷ್ಟಕ್ಕೇ ಎದ್ದು ಕೂಡುತ್ತವೆ.

ಇಷ್ಟೆಲ್ಲ ಆಗಿ, ಹೊಸದು ಬೇಕೇ ಬೇಕು ಎಂದು ಖಚಿತವಾಯಿತು ಅನ್ನಿ. ಈಗ ಆಯ್ಕೆ.

ವೋಲ್ಟು ಮೊದಲು. ಇಂದಿನ ಬೈಕುಗಳೆಲ್ಲ 12. ಆದರೆ ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ, ಯೆಜ್ದಿಗಳಲ್ಲಿ ಇದ್ದದ್ದು ಮೂರು ಕೋಶದ 6 ವೋಲ್ಟಿನ ಬ್ಯಾಟರಿ. ಅಪ್ಪನ ಕಾಲದ ಅಂಥ ಗಾಡಿಯನ್ನು ಅಭಿಮಾನದಿಂದ ಓಡಿಸುವವರು ಡಬ್ಬಿಯ ಮೇಲಿನ ಅಂಕಿ ಓದಿಯೇ ಕೊಳ್ಳಬೇಕು.

ಆಮೇಲೆ ಆಂಪಿಯರ್-ಅವರ್. ಇದು ಕೊಡದ ಗಾತ್ರವಿದ್ದಂತೆ. 5 ಆಂಪಿಯರ್-ಅವರ್ ಎಂದರೆ ಅರ್ಧ ಆಂಪಿಯರಿನಂತೆ ಸುಮಾರು ಹತ್ತು ಗಂಟೆ ಕೊಡಬಲ್ಲದು. 35 ವಾಟಿನ ಹೆಡ್‌ಲೈಟ್ ಒಂದೇ ಸುಮಾರು 3 ಆಂಪಿಯರ್ ಎಳೆಯುತ್ತದೆ ಎಂದರೆ ಇಂಜಿನ್ ನಿಲ್ಲಿಸಿ ದೀಪ ಉರಿಸಿಟ್ಟು ಹರಟುವುದು ಎಷ್ಟು ದುಬಾರಿ ಎಂದು ನೀವೇ ಲೆಕ್ಕ ಹಾಕಿ. 100-110 ಸಿ.ಸಿ. ಗಾಡಿಗಳಿಗೆ ಸಾಮಾನ್ಯವಾಗಿ 2.5ರಿಂದ 5, ಅದಕ್ಕಿಂತ ದೊಡ್ಡವಕ್ಕೆ 4ರಿಂದ 9, ಸೆಲ್ಫ್ ಇರುವ ಹಳೆಯ 350ರ ಬುಲೆಟ್ಟಿಗೆ 14. ನಿಮ್ಮ ಗಾಡಿಗೆ ಎಷ್ಟೆಂಬುದು ಅದರ ಜೊತೆ ಬಂದ ಪುಸ್ತಕದಲ್ಲಿದೆ, ಅದೇ ಪ್ರಮಾಣ. ಹಳೆಯ ಬ್ಯಾಟರಿಯ ಮೇಲಿನ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ, ಹಿಂದಿನ ಯಜಮಾನ ಅಗ್ಗದ ಆಸೆಗೆ ಚಿಕ್ಕದನ್ನು ಕೂಡಿಸಿರಬಹುದು. ಪುಸ್ತಕ ಹೇಳಿದ್ದಕ್ಕಿಂತ ಕಡಿಮೆ ಬೇಡ. ಜಾಗ ಹಿಡಿಸಿದರೆ ಚೂರು ಹೆಚ್ಚಿನದರಿಂದ ಅಪಾಯವಿಲ್ಲ, ಹೆಚ್ಚಿನ ಲಾಭವೂ ಇಲ್ಲ.

ಕೆಲವು ಬ್ಯಾಟರಿಗಳ ಮೇಲೆ ಸಿ.ಸಿ.ಎ. ಎಂಬ ಅಂಕಿಯಿರುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಅದು ಒಮ್ಮೆಲೇ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಲೆಕ್ಕ ಅದು. ಪುಣೆಯಲ್ಲಿ ಅಷ್ಟು ಚಳಿ ಬಿದ್ದರೆ ಗಾಡಿ ಹಾಗಿರಲಿ, ನಾವೇ ಸ್ಟಾರ್ಟ್ ಆಗುವುದಿಲ್ಲ. ಆದರೂ ಒಂದೇ ಗಾತ್ರದ ಎರಡು ಬ್ಯಾಟರಿಗಳನ್ನು ಹೋಲಿಸಲು ಆ ಅಂಕಿ ಒಳ್ಳೆಯದು. ಸೆಲ್ಫ್ ಮೋಟಾರಿಗೆ ಬೇಕಾದದ್ದು ಆ ಒಮ್ಮೆಲೇ ಬರುವ ಬಲವೇ. ನಮ್ಮಲ್ಲಿ ಬ್ಯಾಟರಿಯ ಆಯುಸ್ಸು ತಿನ್ನುವುದು ಚಳಿಯಲ್ಲ, ಸೆಖೆ.

ಮೂರನೆಯದು ಅಳತೆ ಮತ್ತು ಕಂಬಗಳ ದಿಕ್ಕು. ಉದ್ದ, ಅಗಲ, ಎತ್ತರ ಮೂರೂ ಹೊಂದಬೇಕು. ಪಾಸಿಟಿವ್ ಎಡಕ್ಕೋ ಬಲಕ್ಕೋ ನೋಡಿರಿ. ತಿರುಗುಮುರುಗಾದರೆ ವಯರು ಎಳೆದು ಮುಟ್ಟಿಸುವ ಪ್ರಯತ್ನದಲ್ಲಿ ಒಂದು ದಿನ ಕಿಡಿ ಹಾರುತ್ತದೆ.

ನಾಲ್ಕನೆಯದು ಜಾತಿ. ನೀರು ಹಾಕುವ ಹಳೆಯ ಬಗೆ ಅಗ್ಗ. ಆದರೆ ತಿಂಗಳಿಗೊಮ್ಮೆ ನೋಡಿ, ಮಟ್ಟ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ನಲ್ಲಿ ನೀರಲ್ಲ. ಅದರ ಗಾಳಿನಳಿಗೆ ಸರಿಯಾಗಿ ಕೆಳಗೆ ಇಳಿದಿರಬೇಕು. ಎರಡನೆಯದು ಮುಚ್ಚಿದ ಬಗೆ, ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟದ್ದು. ನೀರಿನ ಕಾಟವಿಲ್ಲ, ಸ್ವಲ್ಪ ತುಟ್ಟಿ. ಪರೀಕ್ಷೆಯ ಗಡಿಬಿಡಿಯಲ್ಲಿ ಗಾಡಿ ಮರೆಯುವ ನಮ್ಮಂಥವರಿಗೆ ಇದೇ ಲೇಸು. ಮೂರನೆಯದು ಲಿಥಿಯಂ ಐರನ್ ಫಾಸ್ಫೇಟ್. ಬಹಳ ಹಗುರ, ಬೆಲೆ ಬಹಳ ಭಾರ. ರೆಗ್ಯುಲೇಟರ್ ಹದ ತಪ್ಪಿದ ಗಾಡಿಯಲ್ಲಿ ಅದನ್ನು ಕೂಡಿಸುವುದು ಅಪಾಯ. ಹಾಸಿಗೆ ಇದ್ದಷ್ಟು ಕಾಲು ಚಾಚುವ ವಿದ್ಯಾರ್ಥಿಗೆ ಅದು ಸದ್ಯ ಬೇಡ.

ಅಂಗಡಿಯಲ್ಲಿ ಮೂರು ಮಾತು ಸಂಕೋಚವಿಲ್ಲದೆ ಕೇಳಿ. ತಯಾರಾದ ತಿಂಗಳು ಯಾವುದು? ವರ್ಷಗಟ್ಟಲೆ ಕಪಾಟಿನಲ್ಲಿ ಕೂತದ್ದು ಹೊಸದಲ್ಲ. ಆಮ್ಲ ಈಗ ತುಂಬುವುದಾದರೆ ಮೊದಲ ಚಾರ್ಜು ಮಾಡಿ ಕೊಡುವಿರಾ? "ಗಾಡಿ ಓಡಿಸಿದ್ರೆ ತಾನೇ ಚಾರ್ಜ್ ಆಗ್ತದೆ" ಎನ್ನುತ್ತಾರೆ, ಒಪ್ಪಬೇಡಿ. ಆಮ್ಲ ಹಾಕಿ ಅರ್ಧ ಗಂಟೆ ಬಿಟ್ಟು, ಸಾಮರ್ಥ್ಯದ ಹತ್ತನೆಯ ಒಂದು ಪಾಲು ಕರೆಂಟಿನಲ್ಲಿ, ಅಂದರೆ 5ರ ಬ್ಯಾಟರಿಗೆ ಅರ್ಧ ಆಂಪಿಯರಿನಲ್ಲಿ, ಚಾರ್ಜು ಮಾಡಬೇಕು. ಮೂರನೆಯ ಮಾತು: ವಾರಂಟಿ ಕಾರ್ಡಿನ ಮೇಲೆ ತಾರೀಖು ಮತ್ತು ಠಸ್ಸೆ ಎಲ್ಲಿ? ಎಷ್ಟು ತಿಂಗಳು ಪೂರಾ ಬದಲಿ, ಎಷ್ಟು ತಿಂಗಳು ಬರೀ ರಿಯಾಯಿತಿ ಎಂಬುದನ್ನೂ ಓದಿಕೊಳ್ಳಿ.

ನೀವೇ ಕೂಡಿಸುವುದಾದರೆ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಪಾಸಿಟಿವ್ ಮೊದಲು. ಕಾರಣ ಸರಳ. ನೆಗೆಟಿವ್ ಬಿಚ್ಚಿದ್ದರೆ ಪಾನಾ ಜಾರಿ ಗಾಡಿಯ ಮೈಗೆ ತಗುಲಿದರೂ ಕಿಡಿ ಹಾರದು.

ಹಳೆಯ ಬ್ಯಾಟರಿಯನ್ನು ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಡಿತ ಕೇಳಿ, ಅದರ ಸೀಸಕ್ಕೆ ಬೆಲೆಯಿದೆ. ಕಸದ ತೊಟ್ಟಿಗೆ ಎಸೆಯಬೇಡಿ, ಗುಜರಿಯವನಿಗೂ ಕೊಡಬೇಡಿ. ಸೀಸ ವಿಷ, ಬಯಲಲ್ಲಿ ಒಡೆದು ಕರಗಿಸಿದರೆ ಅದರ ಹೊಗೆ, ಧೂಳು ಸುತ್ತಲಿನ ಮಕ್ಕಳ ಮಿದುಳಿಗೆ ಹೊಡೆತ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯದನ್ನು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅಲ್ಲಿಗೆ ತಲುಪಿಸುವ ಹೊಣೆ ನಮ್ಮದು.

ನನ್ನ ಗೆಳೆಯ ರೆಗ್ಯುಲೇಟರ್ ಬದಲಿಸಿ, ಮೂರನೆಯ ಬ್ಯಾಟರಿ ಹಾಕಿಸಿದ. ರೆಗ್ಯುಲೇಟರಿನ ಬೆಲೆ ಬ್ಯಾಟರಿಗಿಂತ ಹೆಚ್ಚೇನೂ ಇರಲಿಲ್ಲ. ಮೊದಲೇ ಮೀಟರು ಹಿಡಿದಿದ್ದರೆ ಒಂದು ಬ್ಯಾಟರಿಯ ದುಡ್ಡೂ ಒಂದು ಹಬ್ಬವೂ ಉಳಿಯುತ್ತಿತ್ತು. ಆ ಲಾರಿಯ ಮಾತು ಬಂದರೆ ಅವನು ಈಗಲೂ ಸುಮ್ಮನಾಗುತ್ತಾನೆ.

ಮೀಟರು ಈಗ ನಮ್ಮ ಕೋಣೆಯ ಮೊಳೆಗೆ ತೂಗುಹಾಕಿದೆ. ಸಂಘದ ಸದಸ್ಯರು ಯಾರೇ ಆಗಲಿ ಗಾಡಿ ತಂದರೆ ನೋಡಿ ಹೇಳುತ್ತೇವೆ. ಚಹಾದ ಖರ್ಚು ಮಾತ್ರ ತಂದವರದು.